ವೈರಸ್ ಹತೋಟಿಯಲ್ಲಿದೆ, ಇನ್ನು ಯಾವ ಸಂಶೋಧನೆ ಬೇಕು?

ನನಗೆ ಎಚ್‌ಐವಿ ಇರುವುದು ಗೊತ್ತಿರುವವರೆಲ್ಲ ಒಂದಲ್ಲ ಒಂದು ದಿನ ಕೇಳುತ್ತಾರೆ: "ಮಾತ್ರೆ ಪುಕ್ಕಟೆ ಸಿಗುತ್ತೆ, ವೈರಸ್ ಹತೋಟಿಯಲ್ಲಿದೆ. ನೋವಿನ ಬಗ್ಗೆ ಸಂಶೋಧನೆ ಆಗಬೇಕು ಅಂತ ಯಾಕೆ ಹಟ ಹಿಡೀತೀರಿ?"

ಯಾಕೆಂದರೆ ವೈರಸ್ ಅಡಗಿದರೂ ನೋವು ಅಡಗಿಲ್ಲ. ರಾತ್ರಿಯಾದರೆ ಪಾದ ಉರಿಯುತ್ತದೆ. ಹೊದಿಕೆಯ ಅಂಚು ತಾಗಿದರೂ ತಡೆಯಲಾಗುವುದಿಲ್ಲ. ಎದ್ದು, ತಣ್ಣಗಿರುವ ರೆಡ್ ಆಕ್ಸೈಡ್ ನೆಲಕ್ಕೆ ಪಾದ ಊರಿ ಕೂರುತ್ತೇನೆ. ಅದೇ ಪಾದಕ್ಕೆ ಹಗಲು ಹೊತ್ತಿನಲ್ಲಿ ಚಪ್ಪಲಿ ಕಳಚಿಬಿದ್ದದ್ದೂ ಗೊತ್ತಾಗುವುದಿಲ್ಲ.

ಎಚ್‌ಐವಿ ತಾನೇ ನರಗಳನ್ನು ಕೆಡಿಸುತ್ತದೆ. ಅದರ ಮೇಲೆ ಹಳೆಯ ಮಾತ್ರೆ. 2004ರ ಏಪ್ರಿಲ್‌ನಲ್ಲಿ ಸರ್ಕಾರ ಎಆರ್‌ಟಿ, ಅಂದರೆ ವೈರಸ್ ಹತೋಟಿಯಲ್ಲಿಡುವ ಮಾತ್ರೆ, ಪುಕ್ಕಟೆ ಕೊಡಲು ಶುರು ಮಾಡಿದ ಕಾಲದಲ್ಲಿ ನಮ್ಮಲ್ಲಿ ಅನೇಕರಿಗೆ ಸಿಕ್ಕಿದ್ದು ಸ್ಟಾವುಡಿನ್ ಇದ್ದ ಮಾತ್ರೆ. ಅದು ಜೀವ ಉಳಿಸಿತು, ನರಗಳಿಗೂ ಪೆಟ್ಟು ಕೊಟ್ಟಿತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಹಂತಹಂತವಾಗಿ ಕೈಬಿಡಲು ಹೇಳಿತು. ಈಗಿನ ಡೊಲುಟೆಗ್ರಾವಿರ್ ಮಾತ್ರೆ ಎಷ್ಟೋ ವಾಸಿ. ಆದರೆ ಆಗ ಹಾಳಾದ ನರ ಎಲ್ಲರಿಗೂ ಸರಿಹೋಗಲಿಲ್ಲ.

"ಶುಗರ್ ಇರೋರ ಕಾಲುರಿಗೆ ಕೊಡೋ ಮಾತ್ರೆಯನ್ನೇ ತಗೊಂಡ್ರೆ ಆಯ್ತಲ್ವಾ?" ಅನ್ನುತ್ತಾರೆ. ಅದನ್ನೂ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದಲ್ಲಿ ಎಚ್‌ಐವಿಯಿಂದ ನರನೋವು ಬಂದ 250 ಜನರ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥದ್ದೇ ಒಂದು ಮಾತ್ರೆ ಅಮಿಟ್ರಿಪ್ಟಿಲಿನ್ ಆಗಲಿ, ಅಕ್ಯುಪಂಕ್ಚರ್ ಆಗಲಿ ಹೋಲಿಕೆಗೆ ಕೊಟ್ಟ ಹುಸಿ ಚಿಕಿತ್ಸೆಗಿಂತ ಜಾಸ್ತಿ ಕೆಲಸ ಮಾಡಲಿಲ್ಲ. ಆಮೇಲಿನ ಪ್ರಯೋಗಗಳಲ್ಲಿ ಪ್ರಿಗ್ಯಾಬಲಿನ್ ಅನ್ನುವ ಇನ್ನೊಂದು ಮಾತ್ರೆ ಕೂಡ ಹಾಗೇ ಸೋತಿತು. ನೋಡಲು ಒಂದೇ ಉರಿ, ಮದ್ದು ಮಾತ್ರ ಹಿಡಿಯುತ್ತಿಲ್ಲ. ಹಾಗಾಗಿ ನಮ್ಮ ನೋವನ್ನು ಬೇರೆಯಾಗಿಯೇ ನೋಡಬೇಕು.

ಹೇಗೆ ನೋಡುತ್ತಾರೆ ಅನ್ನುವುದು ನನಗೆ ಇನ್ನೂ ಮುಖ್ಯ. ಫಾರಂ ಹಿಡಿದು ಬಂದವರು ಕೇಳುತ್ತಾರೆ: "ಕಳೆದ 24 ಗಂಟೆಯಲ್ಲಿ ಸರಾಸರಿ ನೋವು ಎಷ್ಟು? ಸೊನ್ನೆಯಿಂದ ಹತ್ತರೊಳಗೆ ಹೇಳಿ." ಬೆಳಗ್ಗೆ ಮೂರು, ರಾತ್ರಿ ಎಂಟು. ಐದೂವರೆ ಅಂತ ಬರೆದುಕೊಂಡರೆ ನನ್ನ ರಾತ್ರಿ ಎಲ್ಲಿ ಹೋಯಿತು? ನಿದ್ದೆ ಬಂತಾ ಅಂತ ಕೇಳಿ. ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ನಿಂತು ಚೆಕಿಂಗ್ ಮಾಡುವ ಹೆಂಗಸಿಗೆ, ನೋವಿನಿಂದ ಎಷ್ಟು ದಿನದ ಸಂಬಳ ಹೋಯಿತು ಅಂತ ಕೇಳಿ. ಪ್ರಶ್ನೆ ಅಚ್ಚಾಗುವ ಮೊದಲೇ ನಮ್ಮಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡರೆ ಇದೆಲ್ಲ ಸುಲಭವಾಗಿ ಸಿಗುತ್ತದೆ.

ಎಷ್ಟೋ ಜನ ನೋವಿದೆ ಅಂತ ಹೇಳುವುದೇ ಇಲ್ಲ. "ಮಾತ್ರೆ ತಪ್ಪಿಸಿದ್ರಾ?" ಅಂತ ಗದರಿಸುತ್ತಾರೆ ಅನ್ನುವ ಭಯ. ಹೊಂದಿಕೊಂಡಿರುವ ಮಾತ್ರೆ ಬದಲಾಯಿಸಿಬಿಟ್ಟರೆ ಅನ್ನುವ ಭಯ ಬೇರೆ. ಇನ್ನು ಮನೆಗೇ ಬಂದು ವಿಚಾರಿಸಿದರೆ ಪಕ್ಕದ ಮನೆಯವರು ಸುಮ್ನೆ ಇರುತ್ತಾರಾ? ನಮ್ಮ ಒಪ್ಪಿಗೆ ಇಲ್ಲದೆ ನಮ್ಮ ಮೇಲೆ ಸಂಶೋಧನೆ ಮಾಡುವಂತಿಲ್ಲ ಅಂತ 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ. ಆದರೆ ಸಹಿ ಹಾಕಿಸಿಕೊಂಡ ಮಾತ್ರಕ್ಕೆ ಗುಟ್ಟು ಉಳಿಯುವುದಿಲ್ಲ. ಮಾತ್ರೆ ತರಲು ಹೋದ ದಿನವೇ, ಅಲ್ಲೇ ಒಂದು ಕೋಣೆಯಲ್ಲಿ ಮಾತಾಡಿಸಿದರೆ ಗುಟ್ಟೂ ಉಳಿಯುತ್ತದೆ, ಇನ್ನೊಂದು ದಿನದ ಕೂಲಿಯೂ ಉಳಿಯುತ್ತದೆ.

ಹಿಂದೆ ಒಂದು ಅಧ್ಯಯನಕ್ಕೆ ಎಲ್ಲ ಉತ್ತರ ಕೊಟ್ಟೆ. ಏನು ಗೊತ್ತಾಯಿತು ಅಂತ ಇವತ್ತಿನವರೆಗೂ ಯಾರೂ ಬಂದು ಹೇಳಿಲ್ಲ. ಮತ್ತೆ ಯಾರಾದರೂ ಕರೆದರೆ ಖಂಡಿತ ಹೋಗುತ್ತೇನೆ. ಸಹಿ ಹಾಕುವ ಮೊದಲು ಮಾತ್ರ, ಫಲಿತಾಂಶವನ್ನು ನಮಗೆ ಯಾವಾಗ ಹೇಳುತ್ತೀರಿ, ಕನ್ನಡದಲ್ಲಿ ಹೇಳುತ್ತೀರಾ ಅಂತ ಕೇಳುತ್ತೇನೆ.