ಸೀಕ್ವೆಲ್ ಗೊಂಬೆಗಳನ್ನು ದಸರಾ ಮೆಟ್ಟಿಲಿಗೆ ಇಡುವ ಮುನ್ನ

ಅನಿಮೇಷನ್ ಚಿತ್ರದ ಮುಂದಿನ ಭಾಗ ತೆರೆಗೆ ಬರುವ ಮುಂಚೆಯೇ ಅದರ ಗೊಂಬೆಗಳು ಅಂಗಡಿಗೆ ಬಂದಿರುತ್ತವೆ. ಮೈಸೂರಿನ ಮನೆಗಳಲ್ಲಿ ಅವು ವರ್ಷವಿಡೀ ಶೋಕೇಸಿನಲ್ಲೇ ಉಳಿಯುವುದಿಲ್ಲ, ನವರಾತ್ರಿ ಬಂತೆಂದರೆ ಹೊರಗೆ ಬರುತ್ತವೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ನಡುವೆ ದಶಾವತಾರದ ಸೆಟ್ಟು ಮತ್ತು ಚನ್ನಪಟ್ಟಣದ ಮರದ ಗೊಂಬೆಗಳು, ಎಲ್ಲಕ್ಕಿಂತ ಕೆಳಗೆ ಮಕ್ಕಳು ಕಟ್ಟುವ ಪಾರ್ಕು, ಝೂಗಳ ನಡುವೆ ಸಿನಿಮಾ ಗೊಂಬೆಗಳ ಗುಂಪು. ಈ ರೂಢಿ ಚೆನ್ನಾಗಿದೆ, ಬೆಳೆಯಲಿ. ಆದರೆ ನಮ್ಮ ಮನೆಗಳಲ್ಲಿ ಗೊಂಬೆ ಕಾಪಾಡುವ ಪದ್ಧತಿಯೆಲ್ಲ ಮರ, ಮಣ್ಣು, ಬಟ್ಟೆಗೆಂದು ಬೆಳೆದು ಬಂದದ್ದು. ಅದನ್ನೇ ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಸಿನಿಮಾ ಗೊಂಬೆಗೂ ಅನುಸರಿಸಿದರೆ, ಎರಡನೇ ಭಾಗದ ಗೊಂಬೆ ಮನೆಗೆ ಬರುವ ಹೊತ್ತಿಗೆ ಮೊದಲ ಭಾಗದ್ದು ಅದರ ಪಕ್ಕ ನಿಲ್ಲಿಸುವ ಸ್ಥಿತಿಯಲ್ಲಿ ಇರುವುದಿಲ್ಲ.

ಮೊದಲು ಕೊಳ್ಳುವ ವಿಚಾರ. ಅಚ್ಚು ತಯಾರಿಸಿ, ಬಣ್ಣಕ್ಕೆ ಒಪ್ಪಿಗೆ ಪಡೆದು, ಕಾರ್ಖಾನೆಯಿಂದ ಹಡಗಿಗೆ ಹತ್ತಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಸಿನಿಮಾದ ಕೆಲಸ ಪೂರ್ತಿ ಮುಗಿಯುವ ಮೊದಲೇ ಗೊಂಬೆಯ ವಿನ್ಯಾಸ ಅಂತಿಮವಾಗಿರುತ್ತದೆ. ಗೊಂಬೆಯ ಕೈಯಲ್ಲಿರುವ ವಸ್ತು ಸಿನಿಮಾದಲ್ಲಿ ಕಾಣಿಸದೆ ಇದ್ದರೆ ಅಥವಾ ಉಡುಪಿನ ಬಣ್ಣ ತುಸು ಬೇರೆಯಾಗಿದ್ದರೆ ಅದನ್ನು ನಕಲಿ ಎಂದುಕೊಳ್ಳಬೇಕಿಲ್ಲ. ಕಥೆಯ ಗುಟ್ಟು ಬಿಟ್ಟುಕೊಡುವ ಪಾತ್ರಗಳನ್ನು ಸಾಮಾನ್ಯವಾಗಿ ಮೊದಲ ಕಂತಿನಲ್ಲಿ ಬಿಡುವುದಿಲ್ಲ, ಅವು ಬಿಡುಗಡೆಯ ನಂತರ ಬರುತ್ತವೆ. 1995ರಲ್ಲಿ ‘ಟಾಯ್ ಸ್ಟೋರಿ’ ಬಂದಾಗ ಬೇಡಿಕೆಯನ್ನು ಯಾರೂ ಅಂದಾಜು ಮಾಡಿರಲಿಲ್ಲ. ಗೊಂಬೆಯ ಪರವಾನಗಿ ಪಡೆದಿದ್ದು ಥಿಂಕ್‌ವೇ ಎಂಬ ಕೆನಡಾದ ಚಿಕ್ಕ ಕಂಪನಿ, ಆ ಕ್ರಿಸ್‌ಮಸ್‌ಗೆ ಚಿತ್ರದ ಗಗನಯಾತ್ರಿ ಪಾತ್ರ ಬಜ್ ಲೈಟ್‌ಇಯರ್‌ನ ಗೊಂಬೆ ಸಿಗದೆ ಪರದಾಟವಾಯಿತು. 1999ರ ಎರಡನೇ ಭಾಗದಲ್ಲಿ ಆ ಕೊರತೆಯ ಬಗ್ಗೆಯೇ ಒಂದು ತಮಾಷೆಯ ಮಾತಿದೆ. ಸೀಕ್ವೆಲ್ ವಿಷಯದಲ್ಲಿ ಪರಿಸ್ಥಿತಿ ತಿರುಗುಮುರುಗು. ನಾಯಕ ಪಾತ್ರಗಳನ್ನು ಧಾರಾಳವಾಗಿ ಮಾಡಿರುತ್ತಾರೆ, ಅವುಗಳಿಗೆ ಅವಸರಪಡುವುದು ಬೇಡ. ಕಡಿಮೆ ಬೀಳುವುದು ಪೋಷಕ ಪಾತ್ರಗಳು. ಮುಂಗಡ ಬುಕಿಂಗಿಗೆ ಹಣ ಹಾಕುವುದಾದರೆ ಅವಕ್ಕೆ ಹಾಕಿ.

ಅಳತೆಯನ್ನು ಮಿಲಿಮೀಟರಿನಲ್ಲಿ ನೋಡಿಯೇ ಕೊಳ್ಳಬೇಕು. ಫಂಕೊ ಪಾಪ್ ಬಗೆಯ ದೊಡ್ಡ ತಲೆಯ ಗೊಂಬೆಗಳಲ್ಲಿ ಹೆಚ್ಚಿನವು ಪಾತ್ರ ಯಾವುದಾದರೂ ಸುಮಾರು 9.5 ಸೆಂ.ಮೀ. ಇರುತ್ತವೆ, ದೈತ್ಯನೂ ಪುಟ್ಟ ಹುಡುಗಿಯೂ ಬಹುಮಟ್ಟಿಗೆ ಒಂದೇ ಎತ್ತರ. ಸ್ಕೇಲ್ ಗೊಂಬೆಗಳ ಲೆಕ್ಕ ಬೇರೆ. 1/12 ಎಂದಿದ್ದರೆ ಒಂದೂವರೆ ಮೀಟರ್ ಎತ್ತರದ ಪಾತ್ರ 12.5 ಸೆಂ.ಮೀ. ಆಗುತ್ತದೆ, 1/6 ಎಂದಿದ್ದರೆ 25 ಸೆಂ.ಮೀ. ಮೊದಲ ಭಾಗದ್ದು ಒಂದು ಸ್ಕೇಲು, ಎರಡನೆಯದು ಇನ್ನೊಂದಾದರೆ ಒಂದೇ ದೃಶ್ಯದಲ್ಲಿ ನಿಲ್ಲಿಸಿದಾಗ ಅಪ್ಪ ಮಗನಿಗಿಂತ ಗಿಡ್ಡನಾಗಿಬಿಡುತ್ತಾನೆ. ಬೇರೆ ದಾರಿಯೇ ಇಲ್ಲದಿದ್ದರೆ ಚಿಕ್ಕ ಸ್ಕೇಲಿನವನ್ನು ಹಿಂದೆ, ದೊಡ್ಡವನ್ನು ಮುಂದೆ ಇಡಿ. ದೂರದ ಭಾವ ಬಂದು ಕಣ್ಣಿಗೆ ಹೊಂದುತ್ತದೆ.

ಒಳಗೆ ಯಾವ ಗೊಂಬೆಯಿದೆ ಎಂದು ಒಡೆಯುವವರೆಗೂ ತಿಳಿಯದ ಡಬ್ಬಿ, ಅಂದರೆ ಬ್ಲೈಂಡ್ ಬಾಕ್ಸ್ ಬಗ್ಗೆ ಸ್ವಲ್ಪ ಲೆಕ್ಕ ಹಾಕೋಣ. 12 ಬಗೆಯ ಸೆಟ್ಟನ್ನು ಒಂದೊಂದೇ ಬಿಡಿ ಡಬ್ಬಿ ಕೊಳ್ಳುತ್ತಾ ಪೂರ್ಣ ಮಾಡಲು, ಪ್ರತಿ ಬಗೆಯೂ ಸಮನಾಗಿ ಸಿಗುತ್ತದೆ ಎಂದಿಟ್ಟುಕೊಂಡರೂ, ಸರಾಸರಿ 37 ಡಬ್ಬಿ ಬೇಕಾಗುತ್ತದೆ. 6 ಬಗೆಯದ್ದಕ್ಕೆ 15ರ ಹತ್ತಿರ. ಸೀಲು ಒಡೆಯದ ಇಡೀ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಒಂದೊಂದು ಬಗೆಯೂ ಒಂದೊಂದು ಇರುತ್ತದೆ. ನಾಲ್ಕು ಮನೆಯವರು ಸೇರಿ ಪೆಟ್ಟಿಗೆ ತರಿಸಿ ಹಂಚಿಕೊಳ್ಳುವುದು ಎಲ್ಲಕ್ಕಿಂತ ಅಗ್ಗ. ‘ಸೀಕ್ರೆಟ್’ ಗೊಂಬೆ 144ಕ್ಕೆ ಒಂದು ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಅದರ ಆಸೆಗೆ ಹಣ ಸುರಿಯಬೇಡಿ.

ಅಸಲಿಯೋ ಅಲ್ಲವೋ ತಿಳಿಯಲು ಪಾದದ ಅಡಿ ನೋಡಿ. ಚಿತ್ರಸಂಸ್ಥೆಯ ಹೆಸರು, ಇಸವಿ, ತಯಾರಕರ ಗುರುತು ಪ್ಲಾಸ್ಟಿಕ್ಕಿನಲ್ಲೇ ಉಬ್ಬಾಗಿಯೋ ಸ್ಫುಟವಾದ ಅಚ್ಚಿನಲ್ಲೋ ಇರಬೇಕು. ಪ್ಯಾಕ್ ಮಾಡಿದ ಸರಕುಗಳ 2011ರ ನಿಯಮದಂತೆ ಡಬ್ಬಿಯ ಮೇಲೆ ಆಮದುದಾರರ ಹೆಸರು ವಿಳಾಸ, ಎಂಆರ್‌ಪಿ, ತಿಂಗಳು ಮತ್ತು ಇಸವಿ, ದೂರು ಹೇಳುವ ಸಂಖ್ಯೆ ಇರಲೇಬೇಕು. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಮುದ್ರೆ ಕಡ್ಡಾಯ. ಸಂಗ್ರಹಕ್ಕಾಗಿ ಮಾತ್ರ, 15 ವರ್ಷ ಮೇಲ್ಪಟ್ಟವರಿಗೆ ಎಂದು ಬರೆದಿದ್ದನ್ನು ಪುಟ್ಟ ಮಕ್ಕಳ ಕೈಗೆ ಕೊಡಬಾರದು. ಮೂರು ವರ್ಷದೊಳಗಿನ ಮಕ್ಕಳ ಗಂಟಲಿಗೆ ಸಿಲುಕಬಹುದಾದ ಚಿಕ್ಕ ತುಂಡುಗಳನ್ನು ಗುರುತಿಸುವ ಪರೀಕ್ಷಾ ಕೊಳವೆಯ ಅಗಲ 31.7 ಮಿ.ಮೀ. ಈ ಗೊಂಬೆಗಳ ಕತ್ತಿ, ಟೋಪಿ, ಬದಲಿ ಕೈಗಳು ಅದರೊಳಗೆ ಸುಲಭವಾಗಿ ಇಳಿಯುತ್ತವೆ. ಆಟಿಕೆಗಳ ಆಮದು ಸುಂಕ 2020ರಲ್ಲಿ 20ರಿಂದ 60 ಪ್ರತಿಶತಕ್ಕೆ, 2023ರಲ್ಲಿ 70ಕ್ಕೆ ಏರಿತು. ವಿದೇಶಿ ಅಂಗಡಿಯ ಬೆಲೆ ಕಂಡು ಹಿಗ್ಗುವ ಮೊದಲು ಸುಂಕ, ತೆರಿಗೆ ಎಲ್ಲ ಸೇರಿಸಿ ನೋಡಿ.

ಈಗ ವಸ್ತುವಿನ ವಿಚಾರ. ಮೈ ಪಿವಿಸಿ, ಅಂದರೆ ವಿನೈಲ್; ಕೀಲು ಮತ್ತು ಸ್ಟ್ಯಾಂಡು ಹೆಚ್ಚಾಗಿ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್. ಪಿವಿಸಿ ಮೆದುವಾಗಿರಲು ಎಣ್ಣೆಯಂಥ ಪ್ಲಾಸ್ಟಿಸೈಜರ್ ಬೆರೆಸಿರುತ್ತಾರೆ. ಅದು ವರ್ಷಗಳು ಕಳೆದಂತೆ, ಅದರಲ್ಲೂ ಶೆಖೆಯಲ್ಲಿ ಗಾಳಿಯಾಡದೆ ಇಟ್ಟಾಗ, ಮೇಲ್ಮೈಗೆ ಒಸರುತ್ತದೆ. ಟ್ರಂಕಿನಿಂದ ತೆಗೆದಾಗ ಗೊಂಬೆ ಕೈಗೆ ಅಂಟುವುದು ಇದರಿಂದಲೇ, ಕೊಳೆಯಿಂದಲ್ಲ. ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಮೂರು ತೊಟ್ಟು ಹಾಕಿ, ಮಕ್ಕಳ ಹಲ್ಲುಜ್ಜುವ ಮೆತ್ತನೆ ಬ್ರಷ್‌ನಿಂದ ತೊಳೆದು, ನೆರಳಲ್ಲಿ ಒಂದು ದಿನ ಆರಲು ಬಿಡಿ. ಸ್ಯಾನಿಟೈಸರ್, ಥಿನ್ನರ್, ನೇಲ್ ಪಾಲಿಷ್ ರಿಮೂವರ್ ಮುಟ್ಟಿಸಬೇಡಿ. ಬಣ್ಣ ಏಳುತ್ತದೆ, ಎಬಿಎಸ್ ಕರಗುತ್ತದೆ. ಮರದ ಗೊಂಬೆಗಳನ್ನು ಬಿಸಿಲಿಗೆ ಹಾಕಿ ಒಳಗೆ ತರುವ ಪದ್ಧತಿಯೂ ಇವಕ್ಕೆ ಬೇಡ, ಬಿಸಿಲಿಗೆ ಬಿಳಿ ಬಣ್ಣ ಹಳದಿಗೆ ತಿರುಗುತ್ತದೆ.

ನುಸಿಗುಳಿಗೆಯಂತೂ ಈ ಗೊಂಬೆಗಳ ಹತ್ತಿರವೂ ಸುಳಿಯಬಾರದು. ಹಬ್ಬ ಮುಗಿದ ಮೇಲೆ ಟ್ರಂಕಿನಲ್ಲಿ ನಾಲ್ಕು ಗುಳಿಗೆ ಹಾಕಿಡುವುದು ಎಲ್ಲ ಮನೆಯ ಅಭ್ಯಾಸ. ಆ ನ್ಯಾಫ್ತಲೀನ್ ಆವಿ ಪ್ಲಾಸ್ಟಿಕ್ಕನ್ನೂ ಬಣ್ಣವನ್ನೂ ಮೆದುಗೊಳಿಸುತ್ತದೆ, ಒಂದಕ್ಕೊಂದು ತಾಗಿದ ಗೊಂಬೆಗಳು ಕಚ್ಚಿಕೊಳ್ಳುತ್ತವೆ. ವಿನೈಲನ್ನು ನುಸಿ ತಿನ್ನುವುದಿಲ್ಲ, ಗೆದ್ದಲಿಗೂ ಬೇಡ. ಮರದ ಗೊಂಬೆಗಳ ಟ್ರಂಕು ಬೇರೆ, ಇವುಗಳ ಡಬ್ಬಿ ಬೇರೆ ಇರಲಿ. ಹಳೆ ಪತ್ರಿಕೆಯಲ್ಲೂ ಸುತ್ತಬೇಡಿ. ಅದರ ಮಸಿಯನ್ನು ಪಿವಿಸಿ ಹೀರಿಕೊಂಡರೆ ತೊಳೆದರೂ ಹೋಗದು. ರಬ್ಬರ್ ಬ್ಯಾಂಡಿನಿಂದಲೂ ಹಾಗೆಯೇ ಕಂದು ಗೆರೆ ಬೀಳುತ್ತದೆ.

ಪಾರ್ಕು ಕಟ್ಟಲು ಎಲ್ಲರೂ ಬಳಸುವುದು ಥರ್ಮೋಕೋಲ್. ಅದು ಪಾಲಿಸ್ಟೈರೀನ್. ಪಿವಿಸಿಯಿಂದ ಒಸರುವ ಎಣ್ಣೆ ಅದನ್ನು ಕರಗಿಸುತ್ತದೆ, ಪಾದ ಹೂತು ಅಂಟಿಕೊಳ್ಳುತ್ತದೆ. ಗಟ್ಟಿಯಾದ, ಬೇಗ ಒಡೆಯುವ ಪಾರದರ್ಶಕ ಡಬ್ಬಿಗಳೂ ಹಲವು ಇದೇ ಜಾತಿ. ತಳದ ತ್ರಿಕೋನದಲ್ಲಿ 6 ಎಂದಿದ್ದರೆ ಬೇಡ, 1, 2 ಅಥವಾ 5 ಇದ್ದರೆ ಸರಿ. ಮೆಟ್ಟಿಲಿಗೆ ಹಾಸುವ ಹೊಸ ಕೆಂಪು ಬಟ್ಟೆಯ ಬಣ್ಣವೂ ಬಿಳಿ ಪಾದಕ್ಕೆ ಇಳಿಯುತ್ತದೆ. ಎರಡಕ್ಕೂ ಪರಿಹಾರ ಒಂದೇ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಪಾರದರ್ಶಕ ಓಎಚ್‌ಪಿ ಶೀಟನ್ನು ಪಾದದ ಅಳತೆಗಿಂತ ಒಂದು ಸೆಂ.ಮೀ. ಹೆಚ್ಚು ಬಿಟ್ಟು ಕತ್ತರಿಸಿ ಕೆಳಗಿಡಿ, ದೂರದಿಂದ ಕಾಣಿಸುವುದೇ ಇಲ್ಲ. ಅರಿಶಿನ ಕುಂಕುಮವನ್ನು ಪಟ್ಟದ ಗೊಂಬೆಗೆ ಹಚ್ಚಿ, ಇವಕ್ಕೆ ಬೇಡ. ಅರಿಶಿನದ ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದು, ವಿನೈಲಿನೊಳಕ್ಕೆ ಇಳಿಯುತ್ತದೆ. ಆಗಲೇ ಕಲೆಯಾಗಿದ್ದರೆ ಮಾತ್ರ ಬಿಸಿಲಿನ ಸಹಾಯ ಪಡೆಯಬಹುದು, ಅರಿಶಿನ ಬಿಸಿಲಿಗೆ ಮಾಸುತ್ತದೆ. ಉಳಿದ ಭಾಗಕ್ಕೆ ಬಟ್ಟೆ ಮುಚ್ಚಿ, ಬೆಳಗಿನ ಎಳೆ ಬಿಸಿಲಿಗೆ ಗಂಟೆ ಹೊತ್ತು ಇಟ್ಟು ನೋಡಿ.

ತೆಳು ಕಾಲಿನ ಗೊಂಬೆ ವರ್ಷ ಕಳೆದಂತೆ ಮುಂದಕ್ಕೆ ಬಾಗುವುದು ಸಾಮಾನ್ಯ. ದೊಡ್ಡ ತಲೆಯ ಭಾರ ಮತ್ತು ಬೇಸಿಗೆ ಸೇರಿ ಪಿವಿಸಿ ನಿಧಾನವಾಗಿ ಸರಿಯುತ್ತದೆ. ಎರಡು ಲೋಟ ಕುದಿಯುವ ನೀರಿಗೆ ಒಂದು ಲೋಟ ನಲ್ಲಿ ನೀರು ಬೆರೆಸಿದರೆ 70 ಡಿಗ್ರಿ ಆಸುಪಾಸು ಬರುತ್ತದೆ. ಬಾಗಿದ ಕಾಲನ್ನಷ್ಟೇ ಅದರಲ್ಲಿ ಮುಕ್ಕಾಲು ನಿಮಿಷ ಅದ್ದಿ, ನೆಟ್ಟಗೆ ಹಿಡಿದು, ಹಾಗೆಯೇ ತಣ್ಣೀರಿನಲ್ಲಿ ಒಂದು ನಿಮಿಷ ಹಿಡಿದಿಡಿ. ನೆಟ್ಟಗಿರುವುದಕ್ಕಿಂತ ಒಂದು ಕೂದಲಷ್ಟು ಹಿಂದಕ್ಕೆ ಬಾಗಿಸಬೇಕು, ಬಿಟ್ಟ ಮೇಲೆ ಸ್ವಲ್ಪ ವಾಪಸು ಬರುತ್ತದೆ. ಕುದಿಯುವ ನೀರಿಗೇ ಹಾಕಿದರೆ ಬಣ್ಣ ಬಿರಿಯುತ್ತದೆ. ಒಳಗೆ ಲೈಟು, ಸ್ಪೀಕರ್ ಇರುವ ಗೊಂಬೆಗೆ ನೀರು ಬೇಡ, ಹೇರ್ ಡ್ರೈಯರ್ ಸಾಕು. ಹೊಸ ಗೊಂಬೆಯ ಕೀಲು ತಿರುಗದಿದ್ದರೂ ಅಷ್ಟೇ. ಸಾಮಾನ್ಯವಾಗಿ ಬಣ್ಣವೇ ಒಣಗಿ ಅಂಟಿಕೊಂಡಿರುತ್ತದೆ, ತಣ್ಣಗಿರುವಾಗ ತಿರುಚಿದರೆ ಕೀಲಿನ ಕಡ್ಡಿ (ಪೆಗ್) ಮುರಿಯುತ್ತದೆ. ಕಡಿಮೆ ಶಾಖದಲ್ಲಿ 15 ಸೆಂ.ಮೀ. ದೂರದಿಂದ ಅರ್ಧ ನಿಮಿಷ ಬಿಸಿಗಾಳಿ ಕೊಟ್ಟು ಅತ್ತಿತ್ತ ಸ್ವಲ್ಪ ಸ್ವಲ್ಪವೇ ಆಡಿಸಿ. ಮುರಿದೇ ಹೋದರೆ ಎರಡೂ ತುದಿಗೆ 1 ಮಿ.ಮೀ. ರಂಧ್ರ ಕೊರೆದು, ಹಿತ್ತಾಳೆ ತಂತಿ ತುಂಡು ಕೂರಿಸಿ, ಅರಾಲ್ಡೈಟ್ ತರಹದ ಎರಡು ಟ್ಯೂಬಿನ ಅಂಟು ಹಾಕಿ ಒಂದು ದಿನ ಬಿಡಿ. ತಕ್ಷಣ ಹಿಡಿಯುವ ಅಂಟಿನ ಆವಿ, ಅದರಲ್ಲೂ ಗಾಳಿಯಲ್ಲಿ ತೇವವಿದ್ದಾಗ, ಸುತ್ತಲಿನ ಬಣ್ಣದ ಮೇಲೆ ಬೆಳ್ಳಗೆ ಕೂರುತ್ತದೆ.

ಬೆಳಕಿಗೆ ಎಲ್‌ಇಡಿ ಸೀರಿಯಲ್ ಸೆಟ್ಟು ಒಳ್ಳೆಯದು, ಹ್ಯಾಲೊಜೆನ್ ಬಲ್ಬು ಬೇಡ. ದೀಪ, ಊದಿನಕಡ್ಡಿಗಳಿಂದ ಒಂದು ಮೊಳವಾದರೂ ದೂರವಿರಲಿ. ಹೊಗೆಯ ಜಿಡ್ಡು ಒಸರಿದ ಎಣ್ಣೆಯ ಮೇಲೆ ಕೂತರೆ ತೊಳೆಯುವುದು ಬಲು ಕಷ್ಟ.

ಎತ್ತಿಡುವಾಗ ಪ್ರತಿ ಗೊಂಬೆಯನ್ನೂ ಬಟರ್ ಪೇಪರಿನಲ್ಲಿ ಸಡಿಲವಾಗಿ ಸುತ್ತಿ. ಬಬಲ್ ರ‍್ಯಾಪ್ ನೇರವಾಗಿ ಬಿಗಿದರೆ ಅದರ ವೃತ್ತಗಳು ಮೈಮೇಲೆ ಅಚ್ಚಾಗುತ್ತವೆ. ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಗಾಳಿಯಾಡದಂತೆ ಬಿಗಿಯಬೇಡಿ. ಮೂಲ ಪೆಟ್ಟಿಗೆ ಉಳಿಸಿದ್ದರೆ ಅದರೊಳಗೆ ಒಂದು ಸಿಲಿಕಾ ಜೆಲ್ ಪೊಟ್ಟಣ ಇಡಿ. ಮೈಸೂರಿನಲ್ಲಿ ಅಕ್ಟೋಬರ್ ಮಳೆ ಜೋರು, ರಟ್ಟಿಗೆ ಬೂಷ್ಟು ಬರುವುದು ಆಗಲೇ. ಬದಲಿ ಕೈ, ಕತ್ತಿ, ಟೋಪಿಗಳನ್ನು ಜಿಪ್ ಚೀಲಕ್ಕೆ ಹಾಕಿ ಪಾತ್ರದ ಹೆಸರು ಬರೆಯಿರಿ. ತಾರಸಿಯ ಕೆಳಗಿನ ಅಟ್ಟ ಏಪ್ರಿಲ್‌ನಲ್ಲಿ ಕಾಯುತ್ತದೆ, ಆದ್ದರಿಂದ ಡಬ್ಬಿ ಬೀರುವಿನ ಕೆಳ ಅರೆಯಲ್ಲಿರಲಿ.