ಹೋಗ್ತಿತ್ತು

ಭಾನುವಾರದಿಂದ ಒಂದೇ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಆಫೀಸಿನಲ್ಲೂ ಅದೇ, ರಾತ್ರಿ ದೀಪ ಆರಿಸಿದ ಮೇಲೂ ಅದೇ.

"ಅಜ್ಜೀ, ಈ ದಾರಿ ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಇಲ್ಲ ತಮ್ಮ. ಹೋಗ್ತಿತ್ತು."

ನಾನು ಮತ್ತು ನನ್ನ ಗೆಳೆಯ ಆವತ್ತು ಬೆಳಗಿನ ಜಾವ ಶಿವಮೊಗ್ಗದಿಂದ ಕಾರಿನ ಮೇಲೆ ಸೈಕಲ್ ಕಟ್ಟಿಕೊಂಡು ಸಾಗರಕ್ಕೆ ಹೋಗಿದ್ದೆವು. ಅಲ್ಲಿಂದ ಆವಿನಹಳ್ಳಿ ಕಡೆ ಸೈಕಲ್ ತುಳಿದು, ಶರಾವತಿ ಹಿನ್ನೀರಿನ ಅಂಚಿನಲ್ಲಿ ಮಣ್ಣಿನ ದಾರಿ ಹುಡುಕುವುದು ನಮ್ಮ ಲೆಕ್ಕ. ಮಣ್ಣು, ಜಲ್ಲಿ ದಾರಿಗೆಂದೇ ಮಾಡಿದ ಗ್ರಾವೆಲ್ ಸೈಕಲ್ ತಗೊಂಡ ಮೇಲೆ ನಮ್ಮ ಭಾನುವಾರಗಳೆಲ್ಲ ಹೀಗೇ. ಟೈರ್ 40 ಮಿಲಿಮೀಟರ್ ಅಗಲ, ಗಾಳಿ ಸ್ವಲ್ಪ ಕಡಿಮೆ ಇಟ್ಟರೆ ಜಲ್ಲಿಯ ಮೇಲೂ ಕುಲುಕಾಟ ಅಷ್ಟಾಗಿ ಗೊತ್ತಾಗುವುದಿಲ್ಲ. ತುಂಗಾ ಚಾನಲ್ ಏರಿಯ ಮೇಲೆ ಎಷ್ಟೋ ಸಲ ಹೋಗಿದ್ದೇವೆ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ, ಗದ್ದೆ ತುಂಬ ಬೆಳ್ಳಕ್ಕಿ. ಕೂಡ್ಲಿಗೆ ಹೋಗಿ ತುಂಗೆ, ಭದ್ರೆ ಎರಡೂ ಸೇರುವ ಜಾಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದೇವೆ. ಮಳೆಗಾಲದಲ್ಲಿ ಮಂಡಗದ್ದೆಗೆ ಹೋಗಿ, ಹೊಳೆ ನಡುವಿನ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುವುದನ್ನು ನೋಡಿದ್ದೇವೆ. ಈ ಜಿಲ್ಲೆಯಲ್ಲಿ ಯಾವ ಕಡೆ ಹ್ಯಾಂಡಲ್ ತಿರುಗಿಸಿದರೂ ಒಂದು ಹೊಳೆಯೋ ಕೆರೆಯೋ ಸಿಕ್ಕೇ ಸಿಗುತ್ತದೆ.

ಆದರೆ ಹಿನ್ನೀರಿನ ದಾರಿಯೇ ಬೇರೆ. ಅದು ವರ್ಷದಲ್ಲಿ ಕೆಲವು ವಾರ ಮಾತ್ರ ಇರುತ್ತದೆ.

ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಬೇಸಿಗೆಯಲ್ಲಿ ಕರೆಂಟಿಗಾಗಿ ನೀರು ಬಿಡುತ್ತ ಬಿಡುತ್ತ ಮಟ್ಟ ಇಳಿಯುತ್ತದೆ. ಇಳಿದಂತೆ ಮೊದಲು ಕೆಂಪು ಮಣ್ಣಿನ ಗುಡ್ಡ, ಆಮೇಲೆ ಮರದ ಬೊಡ್ಡೆ. ಅರವತ್ತು ವರ್ಷ ನೀರಲ್ಲಿದ್ದೂ ಕೊಳೆಯದೆ ಕಪ್ಪಗೆ ನಿಂತಿರುವ ಬೊಡ್ಡೆಗಳು. ಇನ್ನೂ ಇಳಿದರೆ ಹಳೇ ದಾರಿಗಳು. ನೀರು ತೀರಾ ಬತ್ತಿದ ವರ್ಷ ಮಡೆನೂರಿನ ಹಳೇ ಅಣೆಕಟ್ಟೆಯೇ ಮೇಲೆ ಬರುತ್ತದೆ. ಹಿರೇಭಾಸ್ಕರ ಅಂತಲೂ ಕರೆಯುತ್ತಾರೆ. ಜೋಗದ ಮೊದಲ ಪವರ್‌ಹೌಸಿಗಾಗಿ ಕಟ್ಟಿದ ಆ ಅಣೆಕಟ್ಟೆಯನ್ನು 1964ರಲ್ಲಿ ಮುಗಿದ ಲಿಂಗನಮಕ್ಕಿಯ ನೀರು ಮುಳುಗಿಸಿತು. ಅಣೆಕಟ್ಟೆಯನ್ನೇ ನುಂಗಿದ ನೀರಿಗೆ ಊರು ಯಾವ ಲೆಕ್ಕ, ಅಲ್ವಾ?

ನಮಗೆ ಆವತ್ತು ಸಿಕ್ಕಿದ ದಾರಿ ನೋಡಲು ತುಂಬ ಚಂದ ಇತ್ತು. ಎತ್ತಿನ ಗಾಡಿಯ ಅಗಲ. ಎರಡೂ ಬದಿಗೆ ಜಂಬಿಟ್ಟಿಗೆ ಕಲ್ಲಿನ ಸಾಲು, ಅರ್ಧ ಹೂತು ಅರ್ಧ ಎದ್ದು ನಿಂತಿತ್ತು. ಮೇಲೆ ಸಣ್ಣ ಕೆಂಪು ಜಲ್ಲಿ. ಬಿಸಿಲಿಗೆ ಒಣಗಿದ ಮಣ್ಣು ಟೈರ್ ಕೆಳಗೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಅಕ್ಕಪಕ್ಕ ಹೊಸ ಹುಲ್ಲು ಚಿಗುರಿ, ಅದರ ಮೇಲೆ ನಾಲ್ಕು ದನ ಮೇಯುತ್ತಿದ್ದವು. ಅಜ್ಜಿ ಒಂದು ಬೊಡ್ಡೆಯ ಮೇಲೆ ಕೂತಿದ್ದರು. ತಲೆಯ ಮೇಲೆ ಟವೆಲ್, ಕೈಯಲ್ಲಿ ಕೋಲು.

ದಾರಿ ಎಲ್ಲಿಗೆ ಹೋಗುತ್ತೆ ಅಂತ ನಾನು ಸುಮ್ನೆ ಕೇಳಿದ್ದು. ದಾರಿಯಲ್ಲಿ ಯಾರೇ ಸಿಕ್ಕರೂ ಕೇಳುವ ಪ್ರಶ್ನೆ. ಎರಡು ಕಿಲೋಮೀಟರ್ ಆಚೆ ಒಂದೂರಿದೆ ಅಂತಲೋ, ಮುಂದೆ ಸೇತುವೆ ಇಲ್ಲ ಅಂತಲೋ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು "ಎಲ್ಲಿಗೂ ಇಲ್ಲ ತಮ್ಮ" ಅಂದರು. ಕೋಲಿನ ತುದಿಯಿಂದ ನೀರಿನ ಕಡೆ ತೋರಿಸಿದರು. ಆಮೇಲೆ, ದನವೊಂದನ್ನು ಗದರುವ ಮಧ್ಯೆ, "ಹೋಗ್ತಿತ್ತು" ಅಂದರು. ಅಷ್ಟೇ. ದನಿಯಲ್ಲಿ ದುಃಖ ಇರಲಿಲ್ಲ. ಬಸ್ಸು ಈಗಷ್ಟೇ ಹೋಯಿತು ಅಂತ ಹೇಳುವ ಹಾಗೆ ಹೇಳಿದರು.

"ಎಲ್ಲಿಗೆ ಹೋಗ್ತಿತ್ತು ಅಜ್ಜಿ?"

"ನಮ್ಮನೆಗೆ."

ಮುಳುಗಡೆ ಆದಾಗ ಅವರಿಗೆ ಹತ್ತು ವರ್ಷವಂತೆ. ಅಪ್ಪ ಗಾಡಿಗೆ ಪಾತ್ರೆ, ಭತ್ತ, ಬಾಗಿಲಿನ ಚೌಕಟ್ಟು ಎಲ್ಲ ಹೇರಿಕೊಂಡು ಇದೇ ದಾರಿಯಲ್ಲಿ ಮೇಲೆ ಬಂದರಂತೆ. ಬಾಗಿಲು ಯಾಕೆ ತಂದಿರಿ ಅಂತ ಕೇಳಿದೆ. "ಒಳ್ಳೇ ಮರ ಅಲ್ವಾ, ಬಿಟ್ಟು ಬರೋಕಾಗ್ತದಾ?" ಅಂದರು. ಆ ಬಾಗಿಲು ಈಗಲೂ ಅವರ ಮನೆಗಿದೆಯಂತೆ.

ಗೆಳೆಯ ಅಷ್ಟರಲ್ಲಿ ನೂರು ಮೀಟರ್ ಮುಂದೆ ಹೋಗಿ ವಾಪಸ್ ಬಂದಿದ್ದ. "ಸೂಪರ್ ಟ್ರ್ಯಾಕ್ ಕಣೋ, ಇಲ್ಲೊಂದು ರೈಡ್ ಇಡೋಣ, ಮೂವತ್ತು ಜನ ಬರ್ತಾರೆ" ಅಂತ ಅಜ್ಜಿಯ ಎದುರೇ ಕೂಗಿದ. ಅವನು ಕೆಟ್ಟವನಲ್ಲ. ಸುಸ್ತಾದವರ ಬ್ಯಾಗ್ ಕೂಡ ತಾನೇ ಹೊರುತ್ತಾನೆ, ಯಾರ ಟೈರ್ ಪಂಕ್ಚರ್ ಆದರೂ ಮೊದಲು ಕೆಳಗೆ ಕೂರುವವನು ಅವನೇ. ಆದರೆ ಒಂದು ಜಾಗ ನೋಡಿದ ಕೂಡಲೇ ಅದು ನಮಗಾಗಿಯೇ ಇದೆ ಅನ್ನುವ ಹಾಗೆ ಮಾತಾಡುತ್ತಾನೆ. ನನಗೆ ಆವತ್ತು ಸಿಟ್ಟು ಬಂತು. ಅಜ್ಜಿಗೆ ಬರಲಿಲ್ಲ. ಅವರು ಅವನಿಗೆ, "ಬೂದಿ ಬಣ್ಣದ ಮಣ್ಣಿರೋ ಕಡೆ ಹೋಗ್ಬೇಡ. ಮೇಲೆ ಗಟ್ಟಿ ಕಾಣ್ತದೆ, ಒಳಗೆಲ್ಲ ಹೂಳು. ಹೋದ ವರ್ಷ ನಮ್ಮ ಕರ ಸಿಕ್ಕಾಕ್ಕೊಂಡಿತ್ತು" ಅಂತ ಹೇಳಿದರು. ಅವನೂ ತಲೆಯಾಡಿಸಿ ಕೇಳಿದ.

ಹೊರಡುವಾಗ ಅಜ್ಜಿ ಒಂದು ಕೆಲಸ ಹೇಳಿದರು. "ಕೊನೇವರೆಗೂ ಹೋಗ್ತೀರಾದ್ರೆ, ಎಡಗಡೆ ನಮ್ಮ ಬಾವಿ ಕಾಣ್ತದಾ ನೋಡಿ. ಕಲ್ಲು ಕಟ್ಟಿದ ಬಾವಿ. ನಂಗೆ ಮಂಡಿ ನೋವು, ಇಳಿಯೋಕಾಗಲ್ಲ."

ಹೋದೆವು. ದಾರಿ ನೇರ ನೀರಿನೊಳಗೆ ಇಳಿದಿತ್ತು. ಜಂಬಿಟ್ಟಿಗೆಯ ಸಾಲು ಮೂರು ನಾಲ್ಕು ಮಾರು ನೀರಿನಡಿಯೂ ಕಾಣುತ್ತಿತ್ತು, ಆಮೇಲೆ ಬರೀ ಹಸಿರು ಕತ್ತಲೆ. ಎಡಗಡೆ ಬಾವಿ ಇರಲಿಲ್ಲ. ಒಂದು ನೀರುಕಾಗೆ ಬೊಡ್ಡೆಯ ಮೇಲೆ ರೆಕ್ಕೆ ಬಿಚ್ಚಿ ಒಣಗಿಸುತ್ತಿತ್ತು. ನಾನು ಸುಮಾರು ಹೊತ್ತು ನಿಂತೆ. ಬಾವಿ ಕಾಣಲೇಬೇಕು ಅಂತ ಅಷ್ಟು ಆಸೆ ಯಾಕಾಯಿತೋ.

ವಾಪಸ್ ಬಂದು ಹೇಳಿದೆ. "ಕಾಣಲಿಲ್ಲ ಅಜ್ಜಿ. ಇನ್ನೂ ನೀರಲ್ಲೇ ಇದೆ."

"ನೀರು ಇನ್ನೊಂದು ಆಳುದ್ದ ಇಳೀಬೇಕು" ಅಂದರು.

ಆ ರಾತ್ರಿ ಮೊಬೈಲಿನಲ್ಲಿ ನಾವು ತುಳಿದ ದಾರಿ ತೆಗೆದು ನೋಡಿದೆ. ಮ್ಯಾಪಿನಲ್ಲಿ ಅಲ್ಲಿ ದಾರಿಯೇ ಇಲ್ಲ, ಬರೀ ನೀಲಿ. ನಮ್ಮ ಕೆಂಪು ಗೆರೆ ನೀರಿನ ಮೇಲೇ ಸೈಕಲ್ ತುಳಿದವರ ಹಾಗೆ ಒಂದೂವರೆ ಕಿಲೋಮೀಟರ್ ಹೋಗಿ, ತಿರುಗಿ ಬಂದಿದೆ. ಅಜ್ಜಿಗೆ ಮಾತ್ರ ಆ ನೀಲಿಯೊಳಗೆ ಗದ್ದೆ ಯಾವುದು, ತೋಟ ಯಾವುದು, ಬಾವಿ ಎಲ್ಲಿ ಅಂತ ಗೊತ್ತು. ಅವರ ವಯಸ್ಸಿನವರು ಹೋದ ಮೇಲೆ ಅದು ಬರೀ ನೀಲಿಯೇ.

ಮೊಬೈಲು ಚಾರ್ಜಿಗೆ ಹಾಕುವಾಗ ಕೈ ಒಂದು ಕ್ಷಣ ತಡೆಯಿತು. ಶರಾವತಿಯ ದೊಡ್ಡ ಪವರ್‌ಹೌಸ್ ಒಂದೇ 1035 ಮೆಗಾವಾಟ್. ನಾನು ಹುಟ್ಟಿದಾಗಿನಿಂದ ಓದಿದ್ದು, ಉಂಡದ್ದು ಆ ನೀರಿನ ಬೆಳಕಿನಲ್ಲೂ ಹೌದು. ಶಿವಮೊಗ್ಗದಲ್ಲೇ ಬೆಳೆದು, ಶಾಲೆಯಿಂದ ಜೋಗಕ್ಕೆ ಪ್ರವಾಸ ಹೋಗಿ, ಲಿಂಗನಮಕ್ಕಿ ನಾಡಿಗೆ ಬೆಳಕು ಕೊಟ್ಟಿತು ಅಂತ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡವನು ನಾನು. ಮುಳುಗಿದ ಊರುಗಳ ಹೆಸರು ಒಂದನ್ನೂ ನಮಗೆ ಯಾರೂ ಬಾಯಿಪಾಠ ಮಾಡಿಸಲಿಲ್ಲ. ಮನೆ ಬಿಟ್ಟವರಿಗೆ ಎಲ್ಲೋ ಕಾಡಿನ ಜಾಗ ತೋರಿಸಿದರು. ಅಲ್ಲಿ ಕಾಡು ಕಡಿದು ಗದ್ದೆ ಮಾಡಿಕೊಂಡರು. ಆ ಜಾಗದ ಹಕ್ಕುಪತ್ರಕ್ಕಾಗಿ ಅವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಅಲೆಯುತ್ತಿದ್ದಾರೆ. ನೀರಿನಾಚೆ ತುಮರಿ ಕಡೆ ಉಳಿದವರು ಹಿನ್ನೀರು ದಾಟಿಸುವ ಲಾಂಚಿಗಾಗಿ ಕಾದು ಕಾದು ಅರವತ್ತು ವರ್ಷ ಕಳೆದರು. ಸಿಗಂದೂರಿನ ಸೇತುವೆ ಜನರಿಗೆ ಸಿಕ್ಕಿದ್ದು 2025ರ ಜುಲೈನಲ್ಲಿ. ಹೆರಿಗೆ ನೋವು ಬಂದಾಗ ಲಾಂಚು ಆಚೆ ದಡದಲ್ಲಿದ್ದರೆ ಏನು ಮಾಡುತ್ತಿದ್ದರು? ಇದು ನನಗೆ ಭಾನುವಾರದವರೆಗೂ ಹೊಳೆದೇ ಇರಲಿಲ್ಲ. ಲಾಂಚಿನಲ್ಲಿ ಸೈಕಲ್ ಹಾಕಿಕೊಂಡು ಫೋಟೋ ತೆಗೆಸಿಕೊಂಡಿದ್ದೇನೆ, ನಗುತ್ತ.

ಗೆಳೆಯನಿಗೆ ಸೋಮವಾರ ಫೋನ್ ಮಾಡಿದೆ. ಮೂವತ್ತು ಜನರ ರೈಡ್ ಬೇಡ ಅಂದೆ. ಯಾಕೆ ಅಂದ. ಅಜ್ಜಿ ಹೇಳಿದ್ದನ್ನೆಲ್ಲ ಹೇಳಿದೆ. ಅವನಿಗೆ ಹೂಳಿನ ಮಾತು, ಬಾವಿಯ ಮಾತು ಅಷ್ಟೇ ಕೇಳಿಸಿತ್ತು, ಮನೆಯ ವಿಷಯ ಗೊತ್ತೇ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಾವು ಅವರ ಮನೆ ದಾರೀಲಿ ಹೋಗಿದ್ದಾ?" ಅಂದ. ಹೌದು ಅಂದೆ. ರೂಟ್ ಎಲ್ಲೂ ಹಾಕುವುದಿಲ್ಲ ಅಂತ ಅವನೇ ಹೇಳಿದ.

ಈಗ ದಿನಾ ಬೆಳಿಗ್ಗೆ ಪೇಪರ್ ಬಂದ ಕೂಡಲೇ ಜಲಾಶಯದ ಮಟ್ಟ ನೋಡುತ್ತೇನೆ. ಮೊದಲು ಮಳೆ ಎಷ್ಟಾಯಿತು ಅಂತ ನೋಡುತ್ತಿದ್ದೆ, ಏರಿದರೆ ಖುಷಿಯಾಗುತ್ತಿತ್ತು. ಈ ವಾರ ಇಳಿದಿದೆಯಾ ಅಂತ ನೋಡುತ್ತಿದ್ದೇನೆ. ಮಳೆ ಹಿಡಿಯುವುದರೊಳಗೆ ಇನ್ನೊಂದು ಭಾನುವಾರ ಸಿಗಬಹುದು. ಬಾವಿ ಕಂಡರೆ ಹತ್ತಿರದಿಂದ ಫೋಟೋ ತೆಗೆದು, ಮೇಲೆ ಬಂದು ಅಜ್ಜಿಗೆ ತೋರಿಸಬೇಕು. ಗೆಳೆಯನೂ ಬರುತ್ತೇನೆ ಅಂದಿದ್ದಾನೆ.