ಗುಡ್ಡ ಜರುಗುವ ಮುನ್ನ

2014ರ ಜುಲೈ 30ರಂದು ಪುಣೆ ಜಿಲ್ಲೆಯ ಆಂಬೇಗಾಂವ್ ತಾಲ್ಲೂಕಿನ ಮಾಳೀಣ ಎಂಬ ಊರಿನ ಮೇಲೆ ಗುಡ್ಡ ಕುಸಿದು 150ಕ್ಕೂ ಹೆಚ್ಚು ಜನ ಸತ್ತರು. ಹೊರಗಿನವರಿಗೆ ಸುದ್ದಿ ಮುಟ್ಟಿಸಿದ್ದು ಆ ದಾರಿಯಾಗಿ ಬಂದ ಸರ್ಕಾರಿ ಎಸ್‌ಟಿ ಬಸ್ಸಿನ ಚಾಲಕ. ಊರಿದ್ದ ಕಡೆ ಆತನಿಗೆ ಕಂಡದ್ದು ಬರೀ ಕೆಸರು ಮಣ್ಣು.

ಪುಣೆಯ ಕೋಥ್ರೂಡ್‌ನ ಕಚೇರಿಯಲ್ಲಿ ಕುಳಿತು ಉಪಗ್ರಹ ಚಿತ್ರಗಳಿಂದ ನಕ್ಷೆ ತಯಾರಿಸುವುದು ನನ್ನ ಕೆಲಸ. ಮಳೆಗಾಲದಲ್ಲಿ ಸಹ್ಯಾದ್ರಿಯ ಸಾಮಾನ್ಯ ಚಿತ್ರ ತೆರೆದರೆ ಮೋಡವೇ ಮೋಡ. ರೇಡಾರ್ ಉಪಗ್ರಹಕ್ಕೆ ಮೋಡವಾಗಲಿ ಕತ್ತಲಾಗಲಿ ಅಡ್ಡಿಯಲ್ಲ. ತಾನೇ ಅಲೆ ಕಳುಹಿಸಿ, ನೆಲಕ್ಕೆ ತಾಗಿ ಮರಳಿದ್ದನ್ನು ದಾಖಲಿಸುತ್ತದೆ. ಒಂದೇ ಇಳಿಜಾರಿನಿಂದ ಬೇರೆ ಬೇರೆ ದಿನ ಮರಳಿದ ಅಲೆಗಳನ್ನು ಹೋಲಿಸಿದರೆ, ಕೆಲವೇ ಸೆಂಟಿಮೀಟರ್ ಜರುಗಿದ ನೆಲವೂ ಸಿಕ್ಕಿಬೀಳುತ್ತದೆ. ನಮ್ಮ ಘಟ್ಟದಲ್ಲಿ ತೊಡಕು ಕಾಡಿನದು. ಯುರೋಪಿನ ರೇಡಾರ್ ಉಪಗ್ರಹ ಸೆಂಟಿನೆಲ್-1ರ ಅಲೆಯ ಉದ್ದ ಸುಮಾರು 5.6 ಸೆಂಟಿಮೀಟರ್, ಎಲೆಗಳಿಗೇ ತಾಗಿ ಚದುರಿಹೋಗುತ್ತದೆ. ಇಸ್ರೊ ಮತ್ತು ನಾಸಾ ಕೂಡಿ ಕಟ್ಟಿದ ನಿಸಾರ್‌ನಲ್ಲಿ ಸುಮಾರು 24 ಸೆಂಟಿಮೀಟರ್ ಅಲೆಯ ರೇಡಾರ್ ಕೂಡ ಇದೆ. ಅದು ಎಲೆಗಳ ನಡುವೆ ತೂರಿ ನೆಲ ಮುಟ್ಟಬಲ್ಲದು, 12 ದಿನಕ್ಕೊಮ್ಮೆ ಅದೇ ಹಾದಿಗೆ ಮರಳುತ್ತದೆ. ನಿಸಾರ್ ಶ್ರೀಹರಿಕೋಟಾದಿಂದ ಹಾರಿದ್ದು 2025ರ ಜುಲೈ 30ರಂದು. ಮಾಳೀಣದ ತಾರೀಖೇ ಒದಗಿ ಬಂದದ್ದು ಕಾಕತಾಳೀಯ ಎಂದು ಗೊತ್ತು, ಆದರೂ ಆ ಸಂಜೆ ನನಗೆ ಕಣ್ಣು ತುಂಬಿ ಬಂತು.

ಹಾಗೆಂದು ಎಲ್ಲವನ್ನೂ ಆಕಾಶಕ್ಕೆ ವಹಿಸಿ ಕೂರುವಂತಿಲ್ಲ. ಒಂದು ರಾತ್ರಿಯ ಜಡಿಮಳೆಗೆ ಕಳಚಿ ಬೀಳುವ ಗುಡ್ಡ ಮೊದಲೇ ಸುಳಿವು ಕೊಟ್ಟೀತೆಂಬ ಭರವಸೆಯಿಲ್ಲ. ವಯನಾಡಿನಲ್ಲಿ 2024ರಲ್ಲಿ ಕುಸಿದ ಜಾಗದಲ್ಲೇ ಹಿಂದೊಮ್ಮೆ ಆಗಿದ್ದ ಕುಸಿತವನ್ನು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಗುರುತಿಸಿತ್ತು. ದಾಖಲೆ ಉಳಿಯಿತು, ಜನ ಉಳಿಯಲಿಲ್ಲ. ರಾಯಗಡದ ಇರ್ಶಾಲವಾಡಿ 2023ರ ಜುಲೈಯಲ್ಲಿ ಮಣ್ಣಿನಡಿ ಸೇರಿದಾಗ, ಅಪಾಯದ ಊರುಗಳ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ.

ಆ ಪಟ್ಟಿಗೆ ವಾಡಿಯವರ, ಅಂದರೆ ಗುಡ್ಡದ ಸಣ್ಣ ಊರುಗಳವರ, ಕಣ್ಣೂ ಬೇಕು. ಮುಳಶಿ ಕಡೆಯ ಒಂದು ವಾಡಿಗೆ ಶಿರಸಿಯ ಸಹೋದ್ಯೋಗಿಯೊಬ್ಬಳ ಜೊತೆ ಹೋಗಿದ್ದೆ. ಸಗಣಿ ಸಾರಿಸಿದ ಅಂಗಳದಲ್ಲಿ ನಕ್ಷೆ ಹಾಸಿ, ಗಾಳಿಗೆ ಹಾರದಂತೆ ಮೂಲೆಗಳಿಗೆ ಕಲ್ಲಿಟ್ಟೆವು. ಎತ್ತರದ ಗೆರೆಗಳು ಅಲ್ಲಿನವರಿಗೆ ಅರ್ಥವಾಗಲಿಲ್ಲ. ಬಾವಿ ಎಲ್ಲಿ, ದೇವಸ್ಥಾನ ಎಲ್ಲಿ ಎಂದು ಕೇಳಿದರು. ಅವೆರಡನ್ನೂ ತೋರಿಸಿದ ಮೇಲೆ ಉಳಿದದ್ದನ್ನೆಲ್ಲ ಅವರೇ ಹೇಳತೊಡಗಿದರು. ಒಬ್ಬ ಅಜ್ಜಿ ನಮ್ಮನ್ನು ಮನೆಯ ಹಿಂದಿನ ಗದ್ದೆಯ ಮೇಲಕ್ಕೆ ಕರೆದೊಯ್ದು ಒಂದು ಬಿರುಕಿಗೆ ಊರುಗೋಲು ಇಳಿಸಿದರು. ಮುಕ್ಕಾಲು ಪಾಲು ಕೋಲು ಒಳಗೆ ಹೋಯಿತು. ಪ್ರತಿ ವರ್ಷ ಮಣ್ಣು ತುಂಬುತ್ತಾರಂತೆ, ಮಳೆ ಹಿಡಿದರೆ ಮತ್ತೆ ಬಾಯಿ ಬಿಡುತ್ತದಂತೆ. “ಅಕ್ಕಾ, ನಮ್ಮ ತೋಟದ ಮೇಲೂ ಹೀಗೇ ಇದೆ” ಎಂದಳು ಶಿರಸಿಯವಳು, ದನಿ ತಗ್ಗಿಸಿ. ನಮ್ಮ ನಕ್ಷೆಯಲ್ಲಿ ಆ ಜಾಗ ಬರೀ ಹಸಿರು. ಅಲ್ಲೇ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡೆ. ಇನ್ನು ಮುಂದೆ ನಿಸಾರ್ ಚಿತ್ರದಲ್ಲಿ ನಾನು ಮೊದಲು ಹುಡುಕುವುದು ಆ ಇಳಿಜಾರನ್ನೇ.

ವಾಡಿಗೊಂದು ಮಳೆಮಾಪಕ, ಅದನ್ನು ದಿನಾ ನೋಡಿ ಬರೆದಿಡುವ ಒಬ್ಬರು, ರಾತ್ರಿ ಎಷ್ಟೊತ್ತಿಗೂ ತೆರೆಯುವ ಶಾಲೆಯ ಬೀಗದ ಕೈ: ಇವಿಲ್ಲದೆ ಅಪಾಯದ ಜಾಗಕ್ಕೆ ಕೆಂಪು ಬಣ್ಣ ಬಳಿದ ನನ್ನ ನಕ್ಷೆ ಯಾರ ಜೀವವನ್ನೂ ಕಾಯದು. ಊರಿನ ಕಂದಾಯ ನೋಡಿಕೊಳ್ಳುವ ತಲಾಠಿಯವರೊಡನೆ ಮಾತಾಡಿದ್ದೇವೆ, ಒಪ್ಪಿದ್ದಾರೆ.

ಜೂನ್‌ಗೆ ಮೊದಲು ಆ ಭಾಗದ ಉಳಿದ ವಾಡಿಗಳಿಗೂ ಹೋಗಬೇಕು. ಮರಾಠಿ ಸರಾಗವಾಗಿ ಮಾತಾಡಬಲ್ಲ ಪುಣೆಯ ಕನ್ನಡಿಗರು ಯಾರಾದರೂ ಜೊತೆಗೂಡಿದರೆ ದೊಡ್ಡ ಉಪಕಾರ. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಕೋಥ್ರೂಡ್ ಡಿಪೊ ಬಳಿಯಿಂದ ಹೊರಡುತ್ತೇವೆ.